ವಾರ್ ಥಂಡರ್ ಸ್ಕ್ವಾಡ್ರನ್ ಬ್ಯಾಟಲ್: ಎಂಟು ಜನರಲ್ಲಿ ಎಷ್ಟು ಜನ ಮೇಲೆ, ಎಷ್ಟು ಜನ ಕೆಳಗೆ?

ವಾರ್ ಥಂಡರ್ ಅಂದರೆ ಟ್ಯಾಂಕ್, ವಿಮಾನ, ಹೆಲಿಕಾಪ್ಟರ್ ಹತ್ತಿ ಕಾದಾಡುವ ಆನ್‌ಲೈನ್ ಆಟ. ಅದರಲ್ಲಿ ಗೆಳೆಯರನ್ನೆಲ್ಲ ಸೇರಿಸಿ ಸ್ಕ್ವಾಡ್ರನ್, ಅಂದರೆ ಖಾಯಂ ತಂಡ, ಕಟ್ಟಿಕೊಂಡವರು ವಾರದೊಳಗೆ ಕೇಳುವ ಪ್ರಶ್ನೆ ಇದು: ಎಷ್ಟು ಜನ ವಿಮಾನಕ್ಕೆ, ಎಷ್ಟು ಜನ ನೆಲದ ಗಾಡಿಗೆ? "ಮೂರು ಪ್ಲೇನ್ ಸಾಕಾ?", "ಎಎ ಇಲ್ಲದೆ ನಡೆಯತ್ತಾ?", "ಹೆಲಿಕಾಪ್ಟರ್ ತಗೊಂಡ್ರೆ ಬೈತಾರಲ್ಲ, ಯಾಕೆ?" ಕೇಳುವ ರೀತಿ ಬೇರೆ ಬೇರೆ, ವಿಷಯ ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ: ಹೊಸ ತಂಡವಾದರೆ 5 ಟ್ಯಾಂಕ್, 1 ಎಎ, 2 ವಿಮಾನ. ಐದು ಟ್ಯಾಂಕಿನಲ್ಲಿ ಒಂದು ಹಗುರ ಟ್ಯಾಂಕ್ ಇರಲಿ. ಎಎ ಅಂದರೆ ವಿಮಾನ ಹೊಡೆಯುವ ನೆಲದ ಗಾಡಿ. ಶಿಲ್ಕಾ, ಗೆಪಾರ್ಡ್, ವಿರ್ಬೆಲ್‌ವಿಂಡ್ ಈ ಜಾತಿಯವು. ಈ ಲೆಕ್ಕವನ್ನು ಯಾವಾಗ, ಯಾಕೆ ಬದಲಿಸಬೇಕು ಅನ್ನುವುದೇ ಮುಂದಿನದೆಲ್ಲ.

ಶುರು ಮಾಡುವ ಮುಂಚೆ ಬೇಕಾದದ್ದು

ನಿಯಮ ತಿಳಿದಿರಬೇಕು. ಸ್ಕ್ವಾಡ್ರನ್ ಬ್ಯಾಟಲ್ ಅಂದರೆ 8ಕ್ಕೆ 8 ಜನರ ರಿಯಲಿಸ್ಟಿಕ್ (ಪರದೆಯ ಮೇಲೆ ಗುರುತು, ನೆರವು ಕಡಿಮೆ ಇರುವ ಮೋಡ್) ಕಾಳಗ. ಒಬ್ಬರಿಗೆ ಒಂದೇ ಗಾಡಿ, ಒಂದೇ ಜೀವ. ವಿಮಾನ, ಹೆಲಿಕಾಪ್ಟರ್ ಎರಡೂ ಸೇರಿ ತಂಡಕ್ಕೆ ಹೆಚ್ಚೆಂದರೆ 4. ಮಾಮೂಲಿ ರ್‍ಯಾಂಡಮ್ ಆಟದಲ್ಲಿ ಟ್ಯಾಂಕ್ ಹೋದ ಮೇಲೆ ಗಳಿಸಿದ ಸ್ಪಾನ್ ಪಾಯಿಂಟ್ (ಸ್ಪಾನ್ ಅಂದರೆ ಕಣಕ್ಕಿಳಿಯುವುದು) ಕೊಟ್ಟು ವಿಮಾನ ಹತ್ತಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. ಮೇಲೆ ಹೋಗುವವರು ಯಾರು ಅನ್ನುವುದು ಮೊದಲ ನಿಮಿಷದಲ್ಲೇ ತೀರ್ಮಾನವಾಗಬೇಕು, ಆಮೇಲೆ ತಿದ್ದಲು ಆಗುವುದಿಲ್ಲ. ಅಪ್‌ಡೇಟ್ ಬಂದಾಗ ನಿಯಮವೂ ಬದಲಾಗುತ್ತದೆ. ಹೊಸ ಸೀಸನ್ ಶುರುವಾದಾಗ ಒಮ್ಮೆ ಓದಿಕೊಳ್ಳಿ.

ಬಿಆರ್ ಅನ್ನುವ ಪದ ಮುಂದೆ ಹಲವು ಸಲ ಬರುತ್ತದೆ. ಅದು ಗಾಡಿಯ ಬಲ ಹೇಳುವ ಅಂಕ: 1.0, 1.3, 1.7, 2.0 ಹೀಗೆ ಏರುತ್ತ ಹೋಗುತ್ತದೆ. ಸ್ಕ್ವಾಡ್ರನ್ ಸೀಸನ್ನಿನಲ್ಲಿ ಮೇಲಿನ ಬಿಆರ್‌ನಿಂದ ಶುರುವಾಗಿ ಹಂತಹಂತವಾಗಿ ಮಿತಿ ಇಳಿಯುತ್ತದೆ. ಇವತ್ತು ಕ್ಷಿಪಣಿ ಹೊತ್ತ ಜೆಟ್‌ಗಳ ಆಟ, ಕೆಲವು ವಾರ ಕಳೆದರೆ ಫಿರಂಗಿಗಳ ಆಟ. ಇವೆರಡಕ್ಕೆ ಒಂದೇ ಸೂತ್ರ ಹಾಕಿದರೆ ನಡೆಯದು.

ಎಲ್ಲರೂ ಒಂದೇ ವಾಯ್ಸ್ ಚಾನೆಲ್‌ನಲ್ಲಿ ಇರಬೇಕು. ಪ್ರತಿಯೊಬ್ಬರ ಗಾಡಿಗಳ ಪಟ್ಟಿಯಲ್ಲಿ, ಅಂದರೆ ಲೈನ್‌ಅಪ್‌ನಲ್ಲಿ ಒಂದು ಟ್ಯಾಂಕ್, ಒಂದು ಎಎ, ಸಾಧ್ಯವಾದರೆ ಒಂದು ವಿಮಾನ ಇರಬೇಕು. "ನನ್ನ ಹತ್ರ ಎಎ ಇಲ್ಲ" ಅನ್ನುವವರು ಎಂಟರಲ್ಲಿ ಆರು ಜನ ಇದ್ದರೆ ಮುಂದೆ ಓದುವುದಕ್ಕಿಂತ ಮೊದಲು ಎಎ ಅನ್‌ಲಾಕ್ ಮಾಡಿಕೊಳ್ಳಿ.

ಇನ್ನೊಂದು ನಮ್ಮ ಕಡೆಯ ಸಮಸ್ಯೆ. ಯುರೋಪ್ ಸರ್ವರ್‌ನಲ್ಲಿ ಸ್ಕ್ವಾಡ್ರನ್ ಬ್ಯಾಟಲ್ ಜೋರಾಗಿ ನಡೆಯುವ ಹೊತ್ತು ನಮಗೆ ರಾತ್ರಿ, ಪಿಂಗ್, ಅಂದರೆ ಸರ್ವರ್‌ಗೆ ಸಂಕೇತ ಹೋಗಿ ಬರುವ ಹೊತ್ತು, ನೂರು ಮಿಲಿಸೆಕೆಂಡಿನ ಮೇಲೆ. ಪಿಂಗ್ ಸ್ಥಿರವಾಗಿದ್ದರೆ ತೊಂದರೆಯಿಲ್ಲ, ಕೈ ಒಗ್ಗಿಕೊಳ್ಳುತ್ತದೆ. ಏರಿಳಿಯುವ ನೆಟ್ ಇರುವವರಿಗೆ ಫೈಟರ್ ಆಗಲಿ ಗನ್ ಎಎ ಆಗಲಿ ಕೊಡಬೇಡಿ. ಅವರು ಒಂದು ಮೂಲೆ ಕಾಯುವ ಟ್ಯಾಂಕ್ ತೆಗೆದುಕೊಳ್ಳಲಿ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಾದರೆ ರೌಟರ್‌ಗೊಂದು ಚಿಕ್ಕ ಯುಪಿಎಸ್ ಹಾಕಿಸಿ. ಒಂದೇ ಜೀವದ ಆಟದಲ್ಲಿ ಅರ್ಧಕ್ಕೆ ಹೊರಬಿದ್ದವನು ಸತ್ತವನಿಗೆ ಸಮ.

1. ಮೊದಲು ನೆಲದ ಕೆಲಸ ಎಣಿಸಿ

ವಿಮಾನ ಎಷ್ಟು ಅಂತ ಶುರು ಮಾಡಬೇಡಿ. ಕ್ಯಾಪ್ ಎಷ್ಟು ಅಂತ ಶುರು ಮಾಡಿ. ಕ್ಯಾಪ್ ಅಂದರೆ ಹಿಡಿದು ಉಳಿಸಿಕೊಳ್ಳಬೇಕಾದ ವಲಯ. ಅದು ನಿಮ್ಮ ಕೈಯಲ್ಲಿದ್ದಷ್ಟು ಹೊತ್ತು ಎದುರಾಳಿಯ ಟಿಕೆಟ್, ಅಂದರೆ ತಂಡದ ಅಂಕ, ಸೋರುತ್ತಿರುತ್ತದೆ, ಟಿಕೆಟ್ ಮುಗಿದರೆ ಅವರ ಆಟ ಮುಗಿಯಿತು. ಕ್ಯಾಪ್ ಹಿಡಿಯಲು ನೆಲದ ಗಾಡಿಯೇ ಬೇಕು. ನಿಮ್ಮ ಪೈಲಟ್ ಎಷ್ಟೇ ನಿಪುಣನಾಗಿರಲಿ, ವಲಯದ ಮೇಲೆ ಸುತ್ತು ಹಾಕಿದರೆ ಅದು ನಿಮ್ಮದಾಗುವುದಿಲ್ಲ.

ಆದ್ದರಿಂದ ಮೇಲೆ ಹೋಗುವ ಪ್ರತಿಯೊಬ್ಬನೂ ನೆಲದಿಂದ ಕಳೆದ ಒಂದು ಫಿರಂಗಿ. ಮೂರು ಕ್ಯಾಪ್ ಇರುವ ಮ್ಯಾಪ್‌ನಲ್ಲಿ ನಾಲ್ವರನ್ನು ವಿಮಾನಕ್ಕೆ ಕಳಿಸಿ, ಒಬ್ಬನಿಗೆ ಎಎ ಕೊಟ್ಟರೆ ಮೂರು ಕ್ಯಾಪ್‌ಗೆ ಮೂರೇ ಟ್ಯಾಂಕ್. ಅದರಲ್ಲಿ ಒಂದು ಹೋದರೆ ಒಂದು ಕಡೆ ಪೂರ್ತಿ ಬಾಗಿಲು ತೆರೆದಂತೆ. ಕೇಳಬೇಕಾದ ಪ್ರಶ್ನೆ ಇಷ್ಟು: ಇವನು ಟ್ಯಾಂಕ್ ಬಿಟ್ಟರೆ ಯಾವ ಕೆಲಸ ನಿಲ್ಲುತ್ತದೆ, ವಿಮಾನದಿಂದ ಅದಕ್ಕಿಂತ ದೊಡ್ಡ ಕೆಲಸ ಆಗುತ್ತದೆಯೇ?

ಇಲ್ಲಿ ಸಾಮಾನ್ಯವಾಗಿ ಎಡವುವುದು ಸ್ಕೋರ್‌ಬೋರ್ಡ್ ನೋಡಿ. ಪೈಲಟ್ ಹೆಸರಿನ ಮುಂದೆ ನಾಲ್ಕು ಕಿಲ್ ಇರುತ್ತದೆ, ಕ್ಯಾಪ್‌ನಲ್ಲಿ ಕೂತು ಏಟು ತಿಂದವನ ಮುಂದೆ ಸೊನ್ನೆ. ಮುಂದಿನ ಆಟಕ್ಕೆ ಎಲ್ಲರಿಗೂ ಪ್ಲೇನ್ ಬೇಕು ಅನಿಸುವುದು ಸಹಜ. ಅದರಲ್ಲೂ ಹಳಬರಿಗೆ ಜಾಸ್ತಿ. ಈ ಆಟ 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಾಗ ಅದು ವಿಮಾನದ ಆಟ. ಟ್ಯಾಂಕ್ ಬಂದದ್ದು 2014ರಲ್ಲಿ, ಹೆಲಿಕಾಪ್ಟರ್ 2018ರಲ್ಲಿ. ಮೊದಲ ಪ್ರೀತಿ ಬಿಡುವುದು ಕಷ್ಟ.

2. ಮ್ಯಾಪ್ ಮತ್ತು ಬಿಆರ್ ನೋಡಿ ಲೆಕ್ಕ ಬದಲಿಸಿ

ಗಾಡಿ ಆರಿಸುವ ಪರದೆಯಲ್ಲಿ ಮ್ಯಾಪ್ ಕಾಣುತ್ತದೆ, ಸಮಯ ಸ್ವಲ್ಪವೇ ಇರುತ್ತದೆ. ಆಗ ಚರ್ಚೆಗೆ ಕೂತರೆ ಆಗಲ್ಲ. ಮೊದಲೇ ಮಾತಾಡಿ ಎರಡು ಮೂರು ವಿನ್ಯಾಸಕ್ಕೆ ಹೆಸರಿಟ್ಟುಕೊಳ್ಳಿ. "ಊರು" ಅಂದರೆ ಯಾರು ಏನು, "ಬಯಲು" ಅಂದರೆ ಯಾರು ಏನು, ಅಷ್ಟು ಸಾಕು.

ಊರು: ಬರ್ಲಿನ್, ಸ್ಟಾಲಿನ್‌ಗ್ರಾಡ್, ಅಡ್ವಾನ್ಸ್ ಟು ದಿ ರೈನ್ ಥರದ ಮ್ಯಾಪ್. ಗೋಡೆ, ಗಲ್ಲಿ, ಮುರಿದ ಕಟ್ಟಡ. ಮೇಲಿನಿಂದ ಟ್ಯಾಂಕ್ ಕಾಣುವುದೇ ಕಷ್ಟ, ಕಂಡರೂ ಗುರಿಗೆ ಇಳಿಯುವ ಕೋನ ಸಿಗುವುದಿಲ್ಲ. ಇಲ್ಲಿ ಒಂದೇ ವಿಮಾನ ಸಾಕು, ಅದೂ ಫೈಟರ್. ಮಿಕ್ಕವರೆಲ್ಲ ನೆಲಕ್ಕೆ.

ಬಯಲು: ಕುರ್ಸ್ಕ್, ಎಲ್ ಅಲಮೇನ್, ಟುನೀಶಿಯಾ. ಮರಳಿನ ಮೇಲೆ ಚಲಿಸುವ ಟ್ಯಾಂಕಿನ ಹಿಂದೆ ಏಳುವ ಧೂಳೇ ಅದರ ವಿಳಾಸ ಹೇಳುತ್ತದೆ. ಇಲ್ಲಿ ಆಕಾಶ ಬಿಟ್ಟುಕೊಟ್ಟರೆ ಟ್ಯಾಂಕುಗಳಿಗೆ ಉಳಿಗಾಲವಿಲ್ಲ. ಎಎ ಎರಡು ಮಾಡಿ, ವಿಮಾನ ಎರಡರಿಂದ ಮೂರು.

ಬಿಆರ್ ವಿಚಾರಕ್ಕೆ ಬಂದರೆ, ಎರಡನೇ ಮಹಾಯುದ್ಧದ ಕಾಲದ ಗಾಡಿಗಳ ಮಟ್ಟದಲ್ಲಿ ಬಾಂಬರ್ ಹತ್ತಿರ ಬಂದೇ ಹೊಡೆಯಬೇಕು. ನಾಲ್ಕು 20 ಮಿಲಿಮೀಟರ್ ನಳಿಗೆಯ ವಿರ್ಬೆಲ್‌ವಿಂಡ್ ಒಂದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಸಾಕಷ್ಟು ಕೆಲಸ ಆಗುತ್ತದೆ. ನಡುವಿನ ಮಟ್ಟದಲ್ಲಿ ಹೆಲಿಕಾಪ್ಟರ್‌ಗಳು ದೂರದಿಂದ ಕ್ಷಿಪಣಿ ಬಿಡಲು ಶುರು ಮಾಡುತ್ತವೆ. ಶಿಲ್ಕಾದ ನಾಲ್ಕು 23 ಮಿಲಿಮೀಟರ್ ನಳಿಗೆ ಅಲ್ಲಿಗೆ ತಲುಪುವುದಿಲ್ಲ, ಆಗ ಫೈಟರ್ ಬೇಕೇ ಬೇಕು. ಮೇಲಿನ ತುದಿಯಲ್ಲಿ ಎಲ್ಲವೂ ಕಿಲೋಮೀಟರುಗಟ್ಟಲೆ ದೂರದ ವ್ಯವಹಾರ. ಪಾಂಟ್ಸಿರ್ ಥರದ ಕ್ಷಿಪಣಿ ಎಎ ಜೀವಂತ ಇದೆಯೋ ಇಲ್ಲವೋ ಅನ್ನುವುದರ ಮೇಲೇ ಆಟ ನಿಂತಿರುತ್ತದೆ. ಅಲ್ಲಿ ಒಂದೇ ಎಎ ನಂಬಿಕೊಂಡು ಹೋಗಬೇಡಿ.

3. ವಿಮಾನಕ್ಕೆ ಹೋಗುವವರಿಗೆ ಬೇರೆ ಬೇರೆ ಕೆಲಸ ಕೊಡಿ

ಇಬ್ಬರೂ ಬಾಂಬ್ ತುಂಬಿಕೊಂಡು ಹೊರಟರೆ ಎದುರಿನ ಒಬ್ಬ ಫೈಟರ್ ಇಬ್ಬರನ್ನೂ ಮುಗಿಸುತ್ತಾನೆ. ಒಬ್ಬ ಸಿಎಪಿ, ಇನ್ನೊಬ್ಬ ಸಿಎಎಸ್. ಮೊದಲನೆಯದು ಆಕಾಶ ಕಾಯುವ ಕೆಲಸ: ಬಾಂಬ್ ಬೇಡ, ಹಗುರವಾಗಿ ಮೇಲೇರಿ ಎದುರಾಳಿ ವಿಮಾನಗಳನ್ನು ಅಡ್ಡಗಟ್ಟುವುದು. ಎರಡನೆಯದು ನೆಲದವರಿಗೆ ನೆರವಾಗುವ ಕೆಲಸ: ಬಾಂಬ್, ರಾಕೆಟ್, ಕ್ಷಿಪಣಿ ಹೊತ್ತು ಟ್ಯಾಂಕ್ ಹೊಡೆಯುವುದು.

ಮೂರನೇ ವಿಮಾನ ಇದ್ದರೆ ಅದನ್ನೂ ಮೊದಲು ಸಿಎಪಿಗೇ ಹಾಕಿ. ಆಕಾಶ ತೆರವಾದ ಮೇಲೆ ಫೈಟರ್‌ನ ಫಿರಂಗಿಯಿಂದಲೇ ಎಷ್ಟೋ ಟ್ಯಾಂಕುಗಳ ತೆಳು ಮೇಲ್ಛಾವಣಿ ಒಡೆಯಬಹುದು. ಆಕಾಶ ತೆರವಾಗದೆ ಬಾಂಬರ್ ಮಾತ್ರ ಏನೂ ಮಾಡಲಾರದು.

ಹೊರಡುವ ಮುಂಚೆ ಮೂರು ವಿಷಯ ಕಣ್ಣಿಗೆ ಬೀಳಲಿ:

ಇಂಧನ. ಫೈಟರ್‌ಗೆ ಪೂರ್ತಿ ಟ್ಯಾಂಕ್ ತುಂಬಿಸಬೇಡಿ. ಭಾರ ಹೆಚ್ಚಾದಷ್ಟು ಏರುವುದು ನಿಧಾನ. ಮೊದಲು ಮೇಲೆ ತಲುಪಿದವನದೇ ಅರ್ಧ ಗೆಲುವು.

ಬಾಂಬಿನ ಫ್ಯೂಸ್. ಬಿದ್ದ ಮೇಲೆ ಎಷ್ಟು ಹೊತ್ತಿಗೆ ಸಿಡಿಯಬೇಕು ಅನ್ನುವ ಆಯ್ಕೆ ಸ್ಪಾನ್ ಪರದೆಯಲ್ಲೇ ಇರುತ್ತದೆ. ತಳಮಟ್ಟದಲ್ಲಿ ಹಾರಿ ಬಾಂಬ್ ಹಾಕುವವರು ಒಂದೂವರೆ ಸೆಕೆಂಡ್ ಆಸುಪಾಸು ಇಟ್ಟುಕೊಳ್ಳಿ. ಸೊನ್ನೆ ಇಟ್ಟರೆ ನಿಮ್ಮ ಬಾಂಬಿಗೆ ನೀವೇ ಬಲಿ. ತೀರಾ ಜಾಸ್ತಿ ಇಟ್ಟರೆ ಓಡುವ ಟ್ಯಾಂಕ್ ತಪ್ಪಿಸಿಕೊಳ್ಳುತ್ತದೆ.

ರೀಆರ್ಮ್ ಲೆಕ್ಕ. ಬಾಂಬ್ ಮುಗಿದರೆ ಮತ್ತೆ ತುಂಬಿಸಲು ಏರ್‌ಫೀಲ್ಡ್‌ಗೆ ವಾಪಸ್ ಹೋಗಿ ಇಳಿಯಬೇಕು. ಹೋಗಿ, ಇಳಿದು, ತುಂಬಿಸಿ, ಮತ್ತೆ ಬರುವಷ್ಟರಲ್ಲಿ ಕೆಳಗೆ ಒಂದು ಕ್ಯಾಪ್ ಕೈಬದಲಾಗಿರಬಹುದು. ಸಿಎಎಸ್ ಪೈಲಟ್ ಇಳಿಯುವ ಹೊತ್ತಿನಲ್ಲಿ ಕೆಳಗಿನವರು ಹೊಸ ದಾಳಿ ಶುರು ಮಾಡಬಾರದು. "ರೀಆರ್ಮ್‌ಗೆ ಹೋಗ್ತಿದೀನಿ" ಅಂತ ಹೇಳುವುದು ಅವನ ಜವಾಬ್ದಾರಿ, ಅದನ್ನು ಕೇಳಿಸಿಕೊಳ್ಳುವುದು ಉಳಿದ ಏಳು ಜನರದು.

ಹೆಲಿಕಾಪ್ಟರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ಎದುರಿಗೆ ಫೈಟರ್ ಇಲ್ಲ ಅಂತ ಗೊತ್ತಿದ್ದರೆ ಚಿನ್ನ, ಇದ್ದರೆ ದಾನ ಕೊಟ್ಟ ಕಿಲ್. ಹೊಸ ತಂಡಕ್ಕೆ ಬೇಡ.

4. ಎಎ ಎಲ್ಲಿ ನಿಲ್ಲಬೇಕು

ಎಂಟು ಜನರಲ್ಲಿ ಯಾರಿಗೂ ಬೇಡದ ಕುರ್ಚಿ ಇದು. ಹಾಗಾಗಿ ಹೊಸಬನ ತಲೆಗೆ ಕಟ್ಟುತ್ತಾರೆ. ನನ್ನ ಪ್ರಕಾರ ಇದೇ ದೊಡ್ಡ ಎಡವಟ್ಟು. ಮ್ಯಾಪ್ ಚೆನ್ನಾಗಿ ಬಲ್ಲವನನ್ನು, ತಾಳ್ಮೆ ಇರುವವನನ್ನು ಎಎಗೆ ಕೂರಿಸಿ.

ಸ್ಪಾನ್ ಆದಲ್ಲೇ ನಿಲ್ಲಬೇಡಿ. ಎದುರಾಳಿ ಪೈಲಟ್ ಮೊದಲು ಹುಡುಕುವುದೇ ಅಲ್ಲಿ. ಕ್ಯಾಪ್‌ನ ಒಳಗೂ ಬೇಡ. ಎಎಯ ಕವಚ ತೆಳು, ಯಾವ ಟ್ಯಾಂಕ್ ಹೊಡೆದರೂ ಮುಗಿಯಿತು. ನಿಮ್ಮವರು ಹೋರಾಡುವ ಜಾಗದ ಹಿಂದೆ, ಒಂದು ದಿಣ್ಣೆಯ ಮರೆಯಲ್ಲಿ, ಆಕಾಶ ತೆರೆದು ಕಾಣುವಂತೆ ನಿಲ್ಲಿ. ಎರಡು ಎಎ ಇದ್ದರೆ ಒಂದೇ ಬಾಂಬಿಗೆ ಎರಡೂ ಸಿಗದಷ್ಟು ದೂರ ಇರಲಿ, ಒಂದರ ಮೇಲೆ ಬೀಳುವ ವಿಮಾನಕ್ಕೆ ಇನ್ನೊಂದು ಪಕ್ಕದಿಂದ ಹೊಡೆಯುವಂತೆ ಇರಲಿ.

ರೇಡಾರ್ ಇರುವ ಎಎ ತೆಗೆದುಕೊಂಡವರು ಇದನ್ನು ಗಮನವಿಟ್ಟು ಓದಿ. ಎಷ್ಟೋ ಎದುರಾಳಿ ವಿಮಾನಗಳಲ್ಲಿ ಆರ್‌ಡಬ್ಲ್ಯೂಆರ್ ಇರುತ್ತದೆ, ಅಂದರೆ ತನ್ನ ಮೇಲೆ ರೇಡಾರ್ ಬಿದ್ದರೆ ಬೀಪ್ ಅಂತ ಕೂಗುವ ಉಪಕರಣ. ನೀವು ಮೊದಲ ಸೆಕೆಂಡಿನಿಂದ ರೇಡಾರ್ ಹಾಕಿಕೊಂಡು ಕೂತರೆ ನೀವಿರುವ ದಿಕ್ಕನ್ನು ನೀವೇ ಕೂಗಿ ಹೇಳಿದಂತೆ. ಗಾಡಿಯಲ್ಲಿ ಕ್ಯಾಮೆರಾ ಅಥವಾ ಥರ್ಮಲ್ (ಶಾಖ ಕಾಣುವ ಕ್ಯಾಮೆರಾ) ಮೂಲಕ ಗುರಿ ಲಾಕ್ ಮಾಡುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ, ಅದಕ್ಕೆ ಬೀಪ್ ಬರುವುದಿಲ್ಲ. ಇಲ್ಲದಿದ್ದರೆ ರೇಡಾರ್ ಆರಿಸಿಟ್ಟು ನಿಮ್ಮ ಫೈಟರ್ ಹೇಳುವವರೆಗೆ ಕಾಯಿರಿ, ವಿಮಾನ ವ್ಯಾಪ್ತಿಯೊಳಗೆ ಬಂದ ಮೇಲೆ ಹಾಕಿ. ಗನ್ ಎಎಯಲ್ಲಿ ದೂರದಿಂದಲೇ ಗುಂಡು ಸುರಿಯುವ ಚಟ ಬಿಡಿ. ಬೆಳಕಿನ ಗೆರೆ ಎಳೆಯುವ ಆ ಟ್ರೇಸರ್ ನೋಡಿಯೇ ಪೈಲಟ್ ನಿಮ್ಮನ್ನು ಹುಡುಕುತ್ತಾನೆ.

ಎದುರಾಳಿ ವಿಮಾನವನ್ನು ಕೆಡವಲೇಬೇಕು ಅಂತಿಲ್ಲ. ಅದು ಹೆದರಿ ತಿರುಗಿ ಹೋದರೂ ಆ ಅರ್ಧ ನಿಮಿಷ ನಿಮ್ಮ ಟ್ಯಾಂಕಿಗೆ ಸಿಕ್ಕಿತು. ಎಎ ಇರುವುದು ಅದಕ್ಕೇ.

5. ಮೇಲಿನವರಿಗೂ ಕೆಳಗಿನವರಿಗೂ ಮಾತಿನ ದಾರಿ

ಗೆಲ್ಲುವ ತಂಡ, ಸೋಲುವ ತಂಡ ಬೇರೆಯಾಗುವುದು ಬಹುತೇಕ ಇಲ್ಲೇ. ರಿಯಲಿಸ್ಟಿಕ್ ಆಟದಲ್ಲಿ ಪೈಲಟ್‌ಗೆ ನೆಲದ ಶತ್ರುಗಳ ಮೇಲೆ ಗುರುತು ಕಾಣುವುದಿಲ್ಲ. ಅವನಿಗೆ ಕಾಣುವುದು ಹಸಿರು, ಕಂದು, ಹೊಗೆ. ನಿಮ್ಮ ಬಾಯೇ ಅವನ ಕಣ್ಣು.

ಈ ಥರ ಹೇಳಿದರೆ ಪ್ರಯೋಜನವಿಲ್ಲ: "ಮಗಾ, ಅಲ್ಲೊಬ್ಬ ಇದಾನೆ ನೋಡೋ, ಅಲ್ಲೇ, ಮನೆ ಹತ್ರ, ಬೇಗ ಬಾರೋ!"

ಈ ಥರ ಹೇಳಿ: "ಡೆಲ್ಟಾ ಐದು. ಕೆಂಪು ಛಾವಣಿ ಮನೆ, ಉತ್ತರದ ಗೋಡೆ. ಒಂದು ಟ್ಯಾಂಕ್, ನಿಂತಿದೆ. ನಾನು ಇನ್ನೂರು ಮೀಟರ್ ದಕ್ಷಿಣ."

ಮೊದಲು ಗ್ರಿಡ್, ಅಂದರೆ ಮ್ಯಾಪ್ ಮೇಲಿನ ಚೌಕ. ಆಮೇಲೆ ಮೇಲಿನಿಂದ ಕಾಣುವ ಗುರುತು. ಆಮೇಲೆ ಏನಿದೆ, ನಿಂತಿದೆಯೋ ಓಡುತ್ತಿದೆಯೋ. ಕೊನೆಗೆ ನೀವೆಲ್ಲಿ. ಆ ಕೊನೆಯ ತುಂಡು ಬಿಟ್ಟರೆ ಬಾಂಬ್ ನಿಮ್ಮ ತಲೆ ಮೇಲೇ ಬೀಳಬಹುದು. ಬಾಂಬಿಗೆ ನಮ್ಮವರು, ಅವರು ಅನ್ನುವ ಭೇದವಿಲ್ಲ.

ಒಂದು ಗೊಂದಲ ಪದೇಪದೇ ಆಗುತ್ತದೆ. ಕ್ಯಾಪ್‌ಗಳ ಹೆಸರೂ ಎ, ಬಿ, ಸಿ. ಗ್ರಿಡ್‌ನ ಸಾಲುಗಳೂ ಎ, ಬಿ, ಸಿ. "ಬಿ ಹತ್ರ ಇದಾನೆ" ಅಂದರೆ ಯಾವ ಬಿ? ಸಾಲದ್ದಕ್ಕೆ ಬಿ, ಡಿ, ಇ ಮೂರೂ ಅಗ್ಗದ ಮೈಕ್‌ನಲ್ಲಿ ಒಂದೇ ಥರ ಕೇಳುತ್ತವೆ. ನಮ್ಮಲ್ಲಿ ಗ್ರಿಡ್‌ಗೆ ಮಾತ್ರ ಬ್ರಾವೋ, ಡೆಲ್ಟಾ, ಎಕೋ ಅಂತೀವಿ, ಕ್ಯಾಪ್‌ಗೆ "ಬಿ ಪಾಯಿಂಟ್" ಅಂತೀವಿ. ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ, ಆದರೆ ಎಂಟೂ ಜನ ಅದನ್ನೇ ಹೇಳಬೇಕು.

ಹಗುರ ಟ್ಯಾಂಕ್ ಯಾಕೆ ಬೇಕು ಅಂದೆನಲ್ಲ, ಅದಕ್ಕೆ ಸ್ಕೌಟಿಂಗ್ ಸೌಲಭ್ಯ ಇದೆ. ಶತ್ರುವನ್ನು ನೋಡಿ ಕೀ ಒತ್ತಿದರೆ ಅವನ ಗುರುತು ತಂಡದವರಿಗೆಲ್ಲ ಕಾಣುತ್ತದೆ. ಪೈಲಟ್‌ಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹಗುರ ಟ್ಯಾಂಕಿನವನು ಹೊಡೆಯಲು ಹೋಗಿ ಸಾಯುವ ಬದಲು ಪೊದೆಯಲ್ಲಿ ಕೂತು ತೋರಿಸುತ್ತಿರಲಿ.

ಈ ಪದ್ಧತಿ ಆಟದವರು ಕಂಡುಹಿಡಿದದ್ದೇನಲ್ಲ. 1944ರಲ್ಲಿ ಇಟಲಿಯ ರಣರಂಗದಲ್ಲಿ ಮಿತ್ರಪಕ್ಷದವರು ಹೀಗೇ ಮಾಡುತ್ತಿದ್ದರು. ಬಾಂಬ್ ಹೊತ್ತ ಫೈಟರ್‌ಗಳು ಮುಂಚೂಣಿಯ ಮೇಲೆ ಸುತ್ತುತ್ತಿದ್ದವು, ಸೈನಿಕರ ಜೊತೆ ನೆಲದಲ್ಲಿದ್ದ ಅಧಿಕಾರಿ ರೇಡಿಯೋದಲ್ಲಿ ಗುರಿ ಹೇಳಿ ಒಂದೊಂದನ್ನೇ ಕರೆಯುತ್ತಿದ್ದ. ಸಾಲಿನಲ್ಲಿ ನಿಂತ ಟ್ಯಾಕ್ಸಿಗಳ ನೆನಪಿನಲ್ಲಿ ಅದಕ್ಕೆ "ಕ್ಯಾಬ್ ರ್‍ಯಾಂಕ್" ಅಂತಲೇ ಹೆಸರು. ಅದೇ ವರ್ಷ ಆಗಸ್ಟ್‌ನಲ್ಲಿ ಫ್ರಾನ್ಸಿನ ಮೊರ್ತ್ಯಾಂ ಬಳಿ ಟೈಫೂನ್ ಮತ್ತು ಥಂಡರ್‌ಬೋಲ್ಟ್ ಪೈಲಟ್‌ಗಳು ರಾಶಿ ರಾಶಿ ಟ್ಯಾಂಕ್ ಹೊಡೆದೆವು ಅಂದುಕೊಂಡರು. ಆಮೇಲೆ ತಜ್ಞರು ಅಲ್ಲಿ ಬಿದ್ದಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಆಕಾಶದಿಂದ ನಾಶವಾದವು ಹೇಳಿಕೊಂಡದ್ದಕ್ಕಿಂತ ಬಹಳ ಕಡಿಮೆ ಇದ್ದವು. ಆದರೂ ದಾಳಿ ನಿಂತಿತ್ತು. ಟ್ಯಾಂಕುಗಳು ಮುಂದೆ ಬರಲಾಗದೆ ಮರೆ ಹುಡುಕಿದ್ದವು, ಕೆಲವು ಸಿಬ್ಬಂದಿ ಗಾಡಿ ಬಿಟ್ಟೇ ಹೋಗಿದ್ದರು. ನಿಮ್ಮ ಪೈಲಟ್ ಒಂದೂ ಕಿಲ್ ಇಲ್ಲದೆ ಎದುರಿನ ಮೂರು ಟ್ಯಾಂಕನ್ನು ಮರದ ಕೆಳಗೆ ಕೂರಿಸಿದರೆ ಅವನಿಗೆ ಬೈಯಬೇಡಿ.

6. ಮೊದಲ ಮೂರು ನಿಮಿಷ

ಟ್ಯಾಂಕುಗಳು ಕ್ಯಾಪ್ ಕಡೆ ಓಡುವಾಗ ಬಯಲಲ್ಲಿ ಇರುತ್ತವೆ, ಆಗಲೇ ಅಪಾಯ ಹೆಚ್ಚು. ಸಿಎಪಿ ಫೈಟರ್ ಆಗಲೇ ಎತ್ತರದಲ್ಲಿರಬೇಕು. ಸಿಎಎಸ್ ಪೈಲಟ್ ಮಾತ್ರ ತಡೆದುಕೊಳ್ಳಲಿ. ಎದುರಿನ ಎಎ ಎಲ್ಲಿದೆ ಅಂತ ಗೊತ್ತಾಗುವ ಮುಂಚೆ ಒಳನುಗ್ಗುವವನು ಆಟ ಶುರುವಾಗುವ ಮೊದಲೇ ವೀಕ್ಷಕನಾಗುತ್ತಾನೆ. ಗುಡ್ಡದ ಹಿಂದೆ ತಗ್ಗಿನಲ್ಲಿ ಸುತ್ತುತ್ತಾ ಇರಲಿ. ಎಎಯನ್ನು ನಿಮ್ಮ ಟ್ಯಾಂಕ್ ಹೊಡೆದರೆ ಒಳ್ಳೆಯದು. ಅದಾಗದಿದ್ದರೆ ಸಿಎಎಸ್‌ನ ಮೊದಲ ಗುರಿ ಅದೇ, ಕ್ಯಾಪ್‌ನಲ್ಲಿರುವ ಟ್ಯಾಂಕ್ ಅಲ್ಲ.

ಒಳಗೆ ಹೋದ ಮೇಲೆ ಒಂದು ಸುತ್ತು, ಒಂದು ಗುರಿ, ಹೊರಗೆ. ತಪ್ಪಿದ ಬಾಂಬಿನ ಸಿಟ್ಟಿಗೆ ಅದೇ ದಾರಿಯಲ್ಲಿ ತಿರುಗಿ ಬಂದವರು ಉಳಿದದ್ದು ಅಪರೂಪ.

7. ಜನ ಕಡಿಮೆಯಾದಾಗ

ಆಟದ ಕೊನೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ನಿಮ್ಮ ಕಡೆ ಎರಡು ವಿಮಾನ, ಒಂದು ಟ್ಯಾಂಕ್ ಉಳಿದಿದೆ ಅಂದುಕೊಳ್ಳಿ. ಆ ಟ್ಯಾಂಕ್ ಹೋದರೆ ಕ್ಯಾಪ್ ಹಿಡಿಯುವವರೇ ಇಲ್ಲ, ಟಿಕೆಟ್ ಸೋರುವುದನ್ನು ಮೇಲಿಂದ ನೋಡುತ್ತಾ ಕೂರಬೇಕು. ಆಗ ಇಬ್ಬರು ಪೈಲಟ್‌ಗಳೂ ಕಿಲ್ ಹುಡುಕುವುದು ಬಿಟ್ಟು ಆ ಟ್ಯಾಂಕಿನ ಮೇಲೇ ಇರಬೇಕು. ಬಾಂಬ್ ಇಲ್ಲದಿದ್ದರೂ ತಗ್ಗಿನಲ್ಲಿ ಹಾರಿ ಶತ್ರು ಎಲ್ಲಿಂದ ಬರುತ್ತಿದ್ದಾನೆ ಅಂತ ಹೇಳಬಹುದು. ಎಎ ಉಳಿದಿದ್ದರೆ, ಎದುರಿಗೆ ವಿಮಾನ ಮುಗಿದಿದ್ದರೆ, ಅದನ್ನು ಕ್ಯಾಪ್‌ಗೆ ನುಗ್ಗಿಸಿ. ಅದೂ ನೆಲದ ಗಾಡಿಯೇ.

ಸತ್ತವರಿಗೆ ಒಂದು ಮಾತು. ಜೊತೆಯವರ ಆಟ ನೋಡುತ್ತಾ ಕೂರಬಹುದು, ನಿಜ. ಏಳು ಬಾಯಿ ಒಟ್ಟಿಗೆ ಸಲಹೆ ಕೊಟ್ಟರೆ ಬದುಕಿರುವವನಿಗೆ ಎಂಜಿನ್ ಶಬ್ದವೂ ಕೇಳಿಸುವುದಿಲ್ಲ. ಒಬ್ಬನೇ ಮಾತಾಡಲಿ, ಮ್ಯಾಪ್ ನೋಡಿ ಗ್ರಿಡ್ ಹೇಳಲಿ. ಉಳಿದವರು ಮ್ಯೂಟ್.

8. ಅಭ್ಯಾಸಕ್ಕೆ ಕಸ್ಟಮ್ ಬ್ಯಾಟಲ್, ತಿದ್ದಲು ರೀಪ್ಲೇ

ಎಂಟು ಜನ ಒಗ್ಗುವವರೆಗೆ ಕಸ್ಟಮ್ ಬ್ಯಾಟಲ್‌ನಲ್ಲಿ ಆಡಿ. ರೂಮ್ ಮಾಡುವವರು ಮ್ಯಾಪ್, ಬಿಆರ್ ಮಿತಿ, ಪಾಸ್‌ವರ್ಡ್ ಎಲ್ಲವನ್ನೂ ತಾವೇ ಇಡಬಹುದು. ನಾಲ್ಕು ನಾಲ್ಕು ಜನರಾಗಿ ಒಡೆದುಕೊಳ್ಳಿ: ಒಂದು ಕಡೆ ಎರಡು ವಿಮಾನ, ಎರಡು ಟ್ಯಾಂಕ್, ಇನ್ನೊಂದು ಕಡೆ ಮೂರು ಟ್ಯಾಂಕ್, ಒಂದು ಎಎ. ಆಮೇಲೆ ಬದಲಾಯಿಸಿಕೊಳ್ಳಿ. ಪೈಲಟ್ ಆಗಿ ಮೆರೆಯುವವರು ಒಂದು ಸಂಜೆ ಎಎಯಲ್ಲಿ ಕೂತರೆ ತಾವು ಎಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತೇವೆ ಅನ್ನುವುದು ತಾನಾಗಿ ತಿಳಿಯುತ್ತದೆ. ಟ್ಯಾಂಕಿನವರು ವಿಮಾನ ಹತ್ತಿ ನೋಡಿದರೆ ತಾವು ಹೇಳುವ ಗುರಿ, ಅಂದರೆ ಕಾಲ್‌ಔಟ್ ಎಷ್ಟು ಅರ್ಥವಾಗುವುದಿಲ್ಲ ಅನ್ನುವುದು ಗೊತ್ತಾಗುತ್ತದೆ.

ಸೋತ ಆಟದ ಸರ್ವರ್ ರೀಪ್ಲೇ ತೆಗೆದು ನೋಡಿ, ಅದರಲ್ಲಿ ಎರಡೂ ಕಡೆಯವರ ಓಡಾಟ ಕಾಣುತ್ತದೆ. ಪೂರ್ತಿ ನೋಡುವ ತಾಳ್ಮೆ ಇಲ್ಲದಿದ್ದರೆ ಎರಡು ಕ್ಷಣ ನೋಡಿ: ಮೊದಲ ಕ್ಯಾಪ್ ಕೈತಪ್ಪಿದಾಗ, ಮತ್ತು ಕೊನೆಯ ಟ್ಯಾಂಕ್ ಬಿದ್ದಾಗ. ಆ ಎರಡೂ ಹೊತ್ತಿನಲ್ಲಿ ನಿಮ್ಮ ವಿಮಾನಗಳು ಎಲ್ಲಿದ್ದವು? ಏರ್‌ಫೀಲ್ಡ್‌ನಲ್ಲಿದ್ದರೆ ರೀಆರ್ಮ್ ಹೊತ್ತು ತಪ್ಪಿದೆ. ಎದುರಾಳಿಯ ಸ್ಪಾನ್ ಮೇಲೆ ಸುತ್ತುತ್ತಿದ್ದರೆ ಕಿಲ್ ಆಸೆ ಜಾಸ್ತಿಯಾಗಿದೆ. ಕ್ಯಾಪ್ ಮೇಲೇ ಇದ್ದೂ ಏನೂ ಮಾಡಲಾಗದಿದ್ದರೆ ಕೆಳಗಿನಿಂದ ಮಾತು ಹೋಗಿಲ್ಲ. ಎರಡೂ ವಿಮಾನ ಆಗಲೇ ಬಿದ್ದಿದ್ದರೆ ಮುಂದಿನ ಆಟಕ್ಕೆ ಒಂದು ವಿಮಾನ ಕಡಿಮೆ ಮಾಡಿ ಎಎ ಎರಡು ಮಾಡಿ, ಆ ಮ್ಯಾಪ್ ಮತ್ತೆ ಬಂದಾಗ ಹೋಲಿಸಿ ನೋಡಿ.